ಮೊದಲು ಬಂದವನ ಶ್ರೀ

ಸತ್ತವರು ಬರುತ್ತಾರೆ ಅಂತ ಯಾರಾದರೂ ಹೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕ ಬಿಟ್ಟೆ ಅನ್ನುವುದನ್ನು ಇದ್ದದ್ದು ಇದ್ದಂಗ ಹೇಳುತ್ತೇನೆ, ನೀವೇ ನೋಡ್ರಿ.

ಆಗ ನಿಜಾಮರ ಸರ್ಕಾರ. ಭಾಲ್ಕಿ ಕಡೆಯ ಒಂದು ಹಳ್ಳಿಯ ಸಾಲಿಯಲ್ಲಿ ನಾನು ಮಾಸ್ತರ. ನನ್ನ ಹುಡುಗರಿಗೆ ಉರ್ದು ಪಾಠ ಬ್ಯಾಸರ, ಬರೆಯುವ ತಖ್ತಿ ತೊಳೆಯುವುದು ಬ್ಯಾಸರ, ಎಲ್ಲದಕ್ಕೂ ಗೊಣಗಾಟ. "ನಿಮ್ಮ ಅಜ್ಜಂದಿರು ಹ್ಯಾಂಗ ಕಲಿತರು ತೋರಸ್ತೇನಿ, ತಡೀರಿ" ಅಂದೆ. ಶುಕ್ರವಾರ ಸೂಟಿ. ಅವತ್ತು ಊರ ಮಠದ ಹಿಂದಿನ ಖೋಲಿಯಲ್ಲಿ ಹಳೇ ಕಾಲದ ಐಗಳ ಸಾಲಿ ನಡೆಸುವುದು ಅಂತ ಠರಾಯಿಸಿದೆ. ಉಸುಕಿನಲ್ಲಿ ಬೆರಳಿನಿಂದ ತಿದ್ದುವುದು, ಒದರಿ ಒದರಿ ಮಗ್ಗಿ ಹೇಳುವುದು.

ಕಲಿಸುವ ಐಗಳಾಗಿ ಕೂಡಲು ಸಂಗಪ್ಪಜ್ಜನನ್ನು ಕೇಳಿದೆ. ಹಿಂದೆ ಐಗಳ ಸಾಲಿ ನಡೆಯುತ್ತಿದ್ದ ಆ ಖೋಲಿಯಲ್ಲಿ ಕಲಿತವರ ಪೈಕಿ ಉಳಿದಿದ್ದವನು ಅವನೊಬ್ಬನೇ. ಎರಡೂ ಕಣ್ಣು ಹೋಗಿದ್ದವು. ಹಳೇ ರೀತಿಯನ್ನು ಅವನೇ ಹೇಳಿದ. ಮೊದಲು ಬಂದವನ ಅಂಗೈಯಲ್ಲಿ ವಿಭೂತಿಯಿಂದ ಶ್ರೀ ಬರೆಯುವುದು, ಎರಡನೆಯವನಿಗೆ ಬರೀ ಚುಕ್ಕಿ. ಮೂರನೆಯವನಿಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಹಿಂಗ ಏರುತ್ತಾ ಹೋಗುವುದು. ಹೇಳುತ್ತಾ ಹೇಳುತ್ತಾ ಮುದುಕ ತನ್ನ ಅಂಗೈ ಸವರಿಕೊಂಡ.

"ಮಾಸ್ತರ್ರ, ಒಬ್ಬನ ಶ್ರೀ ನನ್ನ ಮ್ಯಾಲ ಉಳದದರಿ. ಕುರಿಯವರ ಬಂಡೆಪ್ಪ. ಕುಡಗೋಲಿಗೆ ಸಿಕ್ಕು ಕಿರುಬೆರಳು ಅರ್ಧಾ ಹೋಗಿತ್ತು. ದಿನಾ ಅಂವನೇ ಮೊದಲ. ನನಗ ಹೊಟ್ಟಿಕಿಚ್ಚು. ಒಂದಿನ, ಐಗಳು ಬೀದರಕ್ಕ ಹೋಗ್ಯಾರ, ಸಾಲಿ ಇಲ್ಲ ಅಂತ ಅವಗ ಸುಳ್ಳ ಹೇಳಿ ನಾ ಶ್ರೀ ಬರಸ್ಕೊಂಡೆ. ಅಂವ ಎಲ್ಲಾರಕಿಂತ ಕಡೀಕ ಬಂದ. ಕೈ ಬಾವು ಬರೂತನ ಹೊಡತ ತಿಂದ. ಮತ್ತ ಸಾಲಿಗೆ ಬರಲೇ ಇಲ್ಲ. ಅದೇ ಬ್ಯಾಸಗ್ಯಾಗ ವಾಂತಿಭೇದಿ ಬಂದು ಹೋದ."

"ಹುಡುಗಾಟದ ಮಾತು, ಬಿಡ್ರಿ ಅಜ್ಜಾ" ಅಂದೆ.

"ಹ್ಯಾಂಗ ಬಿಡ್ಲಿರಿ? ಕೊಡಬೇಕಂದ್ರ ಅವನ ಕೈ ಎಲ್ಲಿ ಹುಡುಕ್ಲಿ?" ಅಂದ. ನನಗೆ ಪಾಪ ಅನಿಸಿತು.

ಶುಕ್ರವಾರ ಬೆಳಿಗ್ಗೆ ಅಜ್ಜನನ್ನು ಒಳಗೆ ಕೂಡಿಸಿ, ವಿಭೂತಿ ಬಟ್ಟಲು ಕೈಗೆ ಕೊಟ್ಟು, ಹೊರಗೆ ಬಾಗಿಲ ಕಟ್ಟೆಯ ಮೇಲೆ ಕೂತೆ. ಖೋಲಿಗೆ ಅದೊಂದೇ ಬಾಗಿಲು. ಒಳ್ಳೆ ಬಿಸಿಲು ಬಿದ್ದಿತ್ತು. ಮೊದಲು ಓಡಿ ಬಂದವನು ಮಾಣಿಕ, ಒಂದು ಬಳಪದ ತುಂಡಿಗೂ ಜಗಳಕ್ಕೆ ನಿಲ್ಲುವ ಹುಡುಗ. ಆಮೇಲೆ ಉಳಿದವರು ಬಂದರು. ಅಜ್ಜನ ಛಡಿ ಏಟು ನೊಣ ಓಡಿಸಿದಂಗ, ಹುಡುಗರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನದ ತನಕ ಉಸುಕಿನಲ್ಲಿ ತಿದ್ದಿದರು, ಮಗ್ಗಿ ಒದರಿದರು, ಮನೆಗೆ ಹೋಗು ಅಂದರೆ ಒಲ್ಲೆ ಅಂದರು. ಏನು ಖುಷಿ ಅಂತೀರಿ! ನನ್ನ ಮಾಸ್ತರಕಿಯಲ್ಲಿ ಅಂಥ ದಿನ ಇನ್ನೊಂದು ಬರಲಿಲ್ಲ.

ಮಾಣಿಕನ ಕೈಯಲ್ಲಿ ಮಾತ್ರ ಚುಕ್ಕಿ ಇತ್ತು. ಎಲ್ಲರೂ ಹೋದ ಮೇಲೆ ಅಜ್ಜನನ್ನು ಕೇಳಿದೆ. "ಮೊದಲ ಬಂದಾಂವ ಅವನೇ, ಚುಕ್ಕಿ ಯಾಕ ಇಟ್ಟ್ರಿ?"

"ಅಲ್ಲರಿ ಮಾಸ್ತರ್ರ. ಅವನ ಮುಂಚೆ ಒಬ್ಬಾಂವ ಬಂದು ಸುಮ್ಮನ ಕೈ ಚಾಚಿದ. ಹಿಡದು ನೋಡಿದೆ, ಕಿರುಬೆರಳು ಅರ್ಧಾನೇ ಇತ್ತು. ಶ್ರೀ ಬರದೀನ್ರಿ!" ಮುದುಕ ಅಳುತ್ತಿದ್ದ, ನಗುತ್ತಲೂ ಇದ್ದ.

ವಯಸ್ಸಾದವನ ಭ್ರಮೆ, ಇರಲಿ, ಜೀವಕ್ಕೆ ಸಮಾಧಾನ ಆಯಿತಲ್ಲ ಅಂದುಕೊಂಡೆ. ಆದರೆ ಮಾಣಿಕನಿಗೆ ಅನ್ಯಾಯ ಆಗಬಾರದು. ಮರುದಿನ ಅವನನ್ನು ಕರೆದು, "ಕೈ ತಾ, ನಿನ್ನ ಶ್ರೀ ನಾ ಬರೀತೇನಿ" ಅಂದೆ.

ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ. ನಾ ಎರಡನೇದಾಂವ."

"ಮತ್ತ ಮೊದಲನೇದಾಂವ ಯಾರೋ?"

"ಗೊತ್ತಿಲ್ರಿ. ನಾ ಒಳಗ ಹೋಗೂಮುಂದ ಒಬ್ಬಾಂವ ಅಂಗೈ ನೋಡ್ಕೋತ ಹೊರಗ ಬಂದ. ನಿಮ್ಮ ಮುಂದೇ ಹೋದನಲ್ರಿ!"

ಅಜ್ಜ ನನಗೆ ಹೇಳಿದ್ದನ್ನು ಹುಡುಗ ಕೇಳಿಸಿಕೊಂಡಿದ್ದನೇ? ಆಗ ಖೋಲಿಯಲ್ಲಿ ಇದ್ದವರು ನಾವಿಬ್ಬರೇ. ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಕುರುಡ ಅಜ್ಜನಿಗೆ ಸಿಕ್ಕ, ಮಾಣಿಕನಿಗೆ ಕಂಡ. ಬಾಗಿಲಲ್ಲೇ ಕೂತಿದ್ದ ನನಗೆ ಕಾಣಲಿಲ್ಲ.