ದೊರೆಗೆ ಮುಟ್ಟದ ಮಾತು

ಸಾಹೇಬರೇ, ನಿಮ್ಮ ಮಾತನ್ನು ನಾನು ದೊರೆಗೆ ಮುಟ್ಟಿಸಲೇ ಇಲ್ಲ. ಮರೆತದ್ದಲ್ಲ — ಬೇಕಂತಲೇ ನುಂಗಿಕೊಂಡೆ. ನಿಮ್ಮ ಮಂತ್ರಿಗಿರಿ ಹೋದದ್ದು ಮುಖ್ಯಮಂತ್ರಿಗಳ ಸಿಟ್ಟಿನಿಂದ ಎಂದು ಇಷ್ಟು ವರ್ಷ ನಂಬಿದ್ದೀರಿ. ಅಲ್ಲ, ನಿಮ್ಮ ಆಪ್ತ ಸಹಾಯಕನಾಗಿದ್ದ ನನ್ನ ಸಿಟ್ಟಿನಿಂದ.

ಇಳಕಲ್‌ನಲ್ಲಿ ನಮ್ಮ ಮನೆಯ ಗೃಹಪ್ರವೇಶ ನಿಮಗೆ ನೆನಪಿರಲಿಕ್ಕಿಲ್ಲ. ನನ್ನವ್ವ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕಟ್ಟಿಸಿದ ಮನೆ. ಊಟಕ್ಕೆ ಕುಳಿತ ನಿಮ್ಮ ಕಣ್ಣಿಗೆ ಮೂಲೆಯಲ್ಲಿದ್ದ ಹೋಮದ ಬೂದಿ ಬಿತ್ತು. "ಲಿಂಗ ಕಟ್ಟಿದವರ ಮನಿಯಾಗ ಹೋಮ ಏನವಾ? ಇಲ್ಲಿ ನನಗ ಅನ್ನ ಇಳಿಯೂದಿಲ್ಲ," ಎಂದು ಎದ್ದುಬಿಟ್ಟಿರಿ. ಹೋಳಿಗೆಯ ತಾಟು ಹಿಡಿದು ಅವ್ವ ನಿಂತೇ ಇದ್ದಳು — ಓಣಿಗೆ ಓಣಿಯೇ ನೋಡುತ್ತಿತ್ತು. ಆಮೇಲೆ ಅವಳು ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ನಾನು ಮಾತ್ರ ಮರುದಿನವೂ ಫೈಲು ಹಿಡಿದು ನಿಮ್ಮ ಬೆನ್ನ ಹಿಂದೆ ನಡೆದೆ. ಹಲ್ಲು ಕಚ್ಚಿಕೊಂಡು ಕಾದೆ.

ಮುಖ್ಯಮಂತ್ರಿಗಳನ್ನು ನಾವೆಲ್ಲ ದೊರೆ ಅನ್ನುತ್ತಿದ್ದೆವು. ಅವರ ನಡೆಯೂ ಹಾಗೇ ಇತ್ತು. ಬಾಗಲಕೋಟೆಯ ಹೊಸ ಕಚೇರಿಗೆ ಹೋಮ ಇಡಿಸಿ, ಪೂರ್ಣಾಹುತಿ ನಿಮ್ಮ ಕೈಯಿಂದಲೇ ಆಗಬೇಕೆಂದರು. ನೀವು ನನ್ನನ್ನು ಕರೆದಿರಿ. "ಲಿಂಗ ಕಟ್ಟಿದ ಮ್ಯಾಲೆ ಬೆಂಕಿಗೆ ತುಪ್ಪ ಸುರಿಯಾಂವಲ್ಲ ನಾ. ದೊರಿಗೆ ಮೊದಲ ತಿಳಸು. ನಾ ಹೊರಗ ನಿಂದರತೇನಿ, ಅವರ ಮಾನಾನೂ ಉಳೀಲಿ."

ಅವರ ಮಾನ — ಆ ಒಂದು ಮಾತು ನನ್ನನ್ನು ಸುಟ್ಟಿತು. ದೊರೆಗಾದರೆ ಮೊದಲೇ ತಿಳಿಸಬೇಕು. ನನ್ನವ್ವನಿಗೆ? ದೊರೆಯ ಬಳಿ ಹೋಗಿ ಹೇಳಿದೆ, ಸಾಹೇಬರು ಸಂತೋಷದಿಂದ ಒಪ್ಪಿದ್ದಾರೆ ಎಂದು.

ನೀವು ಬಗ್ಗುವವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತುಂಬಿದ ಚಪ್ಪರದಲ್ಲಿ ದೊರೆ ನಿಮ್ಮ ಹೆಸರು ಹಿಡಿದು ಒಳಗೆ ಕರೆದರು, ಪೂರ್ಣಾಹುತಿಯ ತಟ್ಟೆ ಚಾಚಿದರು. ನೀವು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು ಹಿಂದೆ ಸರಿದಿರಿ. ದೊರೆಯ ಮುಖ ಕಪ್ಪಿಟ್ಟಿತು. ನನಗೆ — ಸುಳ್ಳು ಯಾಕೆ ಹೇಳಲಿ — ಹೊಟ್ಟೆ ತಣ್ಣಗಾಯಿತು. ಸಂಜೆ ರಾಜೀನಾಮೆ ಕೇಳಿದರು, ಕೊಟ್ಟಿರಿ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಮನೆಗೆ ಹೋದೆ. ನನ್ನ ಕೈವಾಡವೊಂದನ್ನು ಬಿಟ್ಟು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಹಿಗ್ಗುತ್ತಾಳೆಂದುಕೊಂಡಿದ್ದೆ. ಅವಳು ಸಿಹಿಯ ಪೊಟ್ಟಣ ಬದಿಗಿಟ್ಟು ಕೇಳಿದಳು, "ದೊರಿ ಮುಂದೂ ಹಂಗ ಮಾಡಿದ್ರೇನು? ಹಂಗಾರ ಬಡವರ ಮನಿ ಅಂತ ಎದ್ದು ಹೋಗಿದ್ದಿಲ್ಲ ಬಿಡು."

ಅಷ್ಟು ವರ್ಷದ ಮೇಲೆ ಅವಳು ಮತ್ತೆ ಓಣಿಯ ಮನೆಗಳಿಗೆ ಹೋಗತೊಡಗಿದಳು. ನಾನು ಬಾಯಿ ಮುಚ್ಚಿಕೊಂಡೆ. ದೊರೆಗಾದರೆ ಮೊದಲೇ ತಿಳಿಸುವುದು, ಅವಳಿಗಾದರೆ ಎಲ್ಲರೆದುರು ಎದ್ದುಹೋಗುವುದು ಎಂದು ನೀವು ಎರಡು ನಡೆ ಇಟ್ಟುಕೊಂಡಿದ್ದಿರಿ — ಅದನ್ನು ಒಂದು ಮಾಡಿ ತೋರಿಸಿದ್ದು ನನ್ನ ದ್ರೋಹ. ಆ ಸಿಟ್ಟು ಇನ್ನೂ ಆರಿಲ್ಲ. ಆದರೂ ನಿಮ್ಮ ನಿಷ್ಠೆಯನ್ನೇ ನಿಮ್ಮ ಕೊರಳಿಗೆ ಉರುಳು ಮಾಡಿದವನು ನಾನು, ನೀವಲ್ಲ.

ಇದನ್ನು ನಿಮಗೆ ಹೇಳುವ ಧೈರ್ಯ ಇವತ್ತು ಬಂದಿದೆ. ಅವ್ವನಿಗೆ ಹೇಳುವ ಧೈರ್ಯ ನನಗಿಲ್ಲ.