ಮಾವನ ಕೆಂಪು ನೀರು

ನನ್ನ ಸೋದರಮಾವನ ಬೆರಳ ತುದಿಗಳು ಸದಾ ಕಂದು. ಕಾಲರಾ ಬಂದಾಗ ಬಾವಿಗೆ ಹಾಕುವ ಕೆಂಪು ಔಷಧವನ್ನು ನೀರಿಗೆ ಬೆರೆಸಿ ಕೈ, ತಟ್ಟೆ, ಮಾವಿನಹಣ್ಣು, ಕೊನೆಗೆ ನನ್ನನ್ನೂ ತೊಳೆಯುತ್ತಿದ್ದ. ಕಾರವಾರದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಮಡಿವಂತರಿಗಿಂತ ಇವನದೇ ಮಡಿ ಹೆಚ್ಚೆಂದು ಕೇರಿಯವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕ್ಷಯದಿಂದ ತೀರಿಕೊಂಡ ನನ್ನ ಅವ್ವಿಯ ಸೀರೆ, ಹಾಸಿಗೆ, ಬಾಚಣಿಗೆಯನ್ನೂ ಬಿಡದೆ ಸುಡಿಸಿ, ತಬ್ಬಲಿಯಾದ ನನ್ನನ್ನು ಅಜ್ಜಿಯ ಊರಾದ ಅವರ್ಸಾದಿಂದ ಎತ್ತಿಕೊಂಡು ಬಂದವನು ಅವನೇ. ಅವ್ವಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಅವಳ ಆರೈಕೆ ಮಾಡಿದ್ದ ಅಜ್ಜಿ, ಅವನನ್ನೂ ಹೆತ್ತವಳು, ನನ್ನನ್ನು ನೋಡಲು ಬಂದರೆ ಜಗಲಿಯಲ್ಲೇ ಕೂರಬೇಕು, ನನ್ನನ್ನು ಮುಟ್ಟುವಂತಿರಲಿಲ್ಲ.

ಉಪ್ಪಿನ ಚಳವಳಿಯ ಬಿಸಿ ಆರಿದ ಮೇಲಿನ ಮಾತು. ಹಿತ್ತಲ ಅವರೆ ಚಪ್ಪರಕ್ಕೆ ನಾರುವ ದುಂಡು ಹುಳ ಬಿತ್ತು. ಅವು ಬೆಳೆಯುವ ಬಗೆ ನೋಡಲು ಮಾವ ಮೊಟ್ಟೆಗಳನ್ನು ಎಲೆಸಮೇತ ತಂದು ಕಂದೀಲಿನ ಗಾಜುಗಳಲ್ಲಿಟ್ಟ. ಮೊಟ್ಟೆಗಳ ಅಡಿಯಲ್ಲಿ ತಾಯಿಹುಳ ಬಿಟ್ಟ ಕಂದು ಚುಕ್ಕೆಗಳಿದ್ದವು. ಅವನ್ನು ಹೊಲಸೆಂದು ಕೆರೆದು ಎಸೆದ. ಒಂದು ಎಲೆ ಮಾತ್ರ ಕಣ್ತಪ್ಪಿ ಉಳಿಯಿತು. ಚುಕ್ಕೆ ಕೆರೆದ ಮೊಟ್ಟೆಗಳ ಮರಿಗಳು, ಎಳೆ ಬಳ್ಳಿ ಕೊಟ್ಟರೂ, ಏನನ್ನೋ ಹುಡುಕುತ್ತ ಅಲೆದು ಸೊರಗಿ ಸತ್ತವು. ಉಳಿದ ಎಲೆಯ ಮರಿಗಳು ಹುಟ್ಟಿದ ಕೂಡಲೇ ಆ ಚುಕ್ಕೆಗೆ ಬಾಯಿಟ್ಟವು. ಆಮೇಲೆ ಬಳ್ಳಿಯ ರಸ ಹೀರಿ ಬೆಳೆದವು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚುಕ್ಕೆಯಲ್ಲೂ ಮರಿಯ ಕರುಳಲ್ಲೂ ಒಂದೇ ಬಗೆಯ ಕ್ರಿಮಿಗಳು.

“ಈ ಕ್ರಿಮಿ ಇಲ್ದೇ ಇವಕ್ಕೆ ಉಂಡದ್ದು ಮೈಗೆ ಹತ್ತೂದಿಲ್ಲ ಕಾಣ್ತದೆ, ತಂಗೀ. ಅವ್ವಿ ಬಿಟ್ಟು ಹೋದದ್ದನ್ನ ನಾ ಹೊಲಸು ಅಂತ ಕೆರೆದ್ಬಿಟ್ಟೆ,” ಎಂದ ಮಾವ ನನಗೆ. ಆ ದಿನ ಊಟಕ್ಕೆ ಏಳಲಿಲ್ಲ.

ಮುಂದಿನ ಆದಿತ್ಯವಾರ ನನ್ನನ್ನು ಅವರ್ಸಾಕ್ಕೆ ಕರೆದೊಯ್ದು ಅಜ್ಜಿಯನ್ನು ಕೇಳಿದ: “ಅಕ್ಕನದ್ದು ಏನಾರೂ ಉಳ್ದದ್ಯಾ?”

“ನೀನೇ ನಿಂತು ಸುಡ್ಸಿದ್ಯಲ್ಲ ತಮಾ. ಈಗ ಬೂದಿ ಕೊಡ್ಲಾ?”

ಮಾವ ನನ್ನನ್ನು ಅವಳ ಮುಂದೆ ಕೂರಿಸಿದ. “ಹಂಗಾರೆ ನೀನಾರೂ ಇದ್ಕೆ ಒಂದು ತುತ್ತು ಕೊಡು.”

ಅಜ್ಜಿ ಗಾಬರಿಯಾಗಿ, ಕೈ ತೊಳೆಯಲು ಕೆಂಪು ನೀರೆಲ್ಲಿ ಎಂದು ಅವನ ಚೀಲ ನೋಡಿದಳು. ಅವನು ತಂದಿರಲಿಲ್ಲ. ಅವಳು ಅನ್ನದ ಉಂಡೆಯನ್ನು ಹೆಬ್ಬೆರಳಿಂದ ಒತ್ತಿ ನನ್ನ ಬಾಯಿಗಿಟ್ಟಳು.

ಆ ಮಳೆಗಾಲದಲ್ಲೇ ಅಜ್ಜಿ ಹೋದಳು. ಇನ್ನೊಂದು ವರ್ಷ ಮೊದಲೇ ಆ ಹುಳ ಬೀಳಬಾರದಿತ್ತೇ ಎಂದು ಈಗಲೂ ಸಂಕಟವಾಗುತ್ತದೆ.

ಎಷ್ಟೋ ಕಾಲದ ಮೇಲೆ ಮಾವ ಜ್ವರದಿಂದ ಮಲಗಿದಾಗ ನಾನು ತುತ್ತು ಕೊಡಹೋದೆ. ಕೈ ತೊಳೆದೆಯಾ ಎಂದು ಕೇಳಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತ, “ನಿನ್ನ ಅವ್ವಿನೂ ಹೀಂಗೇ ಹೆಬ್ಬೆರಳು ಒತ್ತಿ ಕೊಡ್ತಿತ್ತು,” ಎಂದ.

ಮರುದಿನ ತೀರಿಕೊಂಡ. ಅವ್ವಿಯ ಬಗ್ಗೆ ಅವನು ನನಗೆ ಹೇಳಿದ್ದು ಅದೊಂದೇ ಮಾತು.