ಬೂಸರಿನ ವಾಸನೆ ಬಲ್ಲವಳು

ಹುಬ್ಬು, ರೆಪ್ಪೆ, ಮೂಗುತಿ, ಎಲ್ಲದರ ಮೇಲೂ ಗೋವಿನಜೋಳದ ಧೂಳು ಹಿಟ್ಟಿನಂತೆ ಕುಳಿತಿರುತ್ತಿತ್ತು. ನನ್ನ ಸೋದರತ್ತೆ ಯರಗಟ್ಟಿಯ ಪೇಟೆಯಲ್ಲಿ ಕಾಳು ಹಸನು ಮಾಡುವವಳು. ಚೀಲ ಬಿಚ್ಚಿದ ಕೂಡಲೇ ಒಂದು ಬೊಗಸೆ ಕಾಳೆತ್ತಿ, ಅದರಲ್ಲಿ ಮುಖ ಹುದುಗಿಸಿ ಉಸಿರೆಳೆಯುತ್ತಿದ್ದಳು. ಬೂಸರು ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ವ್ಯಾಪಾರಿಗಳು ಅವಳ ಮಾತಿನ ಮೇಲೆ ಚೀಲ ಒಪ್ಪುತ್ತಿದ್ದರು, ಇಲ್ಲವೇ ತಿರುಗಿ ಕಳಿಸುತ್ತಿದ್ದರು. ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ. ನಾನು ಮಾಸ್ಕ್ ತಂದುಕೊಟ್ಟರೆ, "ಮೂಗ ಕಟಗೊಂಡು ಮೂಗಿನ ಕೆಲಸ ಹ್ಯಾಂಗ ಮಾಡ್ಲಿ?" ಎಂದು ನಕ್ಕು, ಅದರಲ್ಲಿ ಎಲೆ-ಅಡಿಕೆ ಸುತ್ತಿಟ್ಟಳು.

ಆಮೇಲೆ ಕೆಮ್ಮು ಬಂತು. ಪೇಟೆಗೆ ಹೋದ ದಿನ ಸಂಜೆ ಜ್ವರ, ದಮ್ಮು. ಹಬ್ಬಕ್ಕೆಂದು ನಾಲ್ಕು ದಿನ ಮನೆಯಲ್ಲಿದ್ದರೆ ಆರಾಮ. ಒಬ್ಬ ಡಾಕ್ಟರು ಅಸ್ತಮಾ ಎಂದರು, ಇನ್ನೊಬ್ಬರು ವಯಸ್ಸು ಎಂದರು. ನಾನು ಧಾರವಾಡದ ಪ್ರಯೋಗಾಲಯವೊಂದರಲ್ಲಿ, ಬೂಸರಿನ ಯಾವ ಪ್ರೋಟೀನು ಮನುಷ್ಯನ ದೇಹವನ್ನು ಕೆರಳಿಸುತ್ತದೆ ಎಂದು ಹುಡುಕುವ ಕೆಲಸದಲ್ಲಿದ್ದೆ. ಅತ್ತೆ ತಾನಾಗಿಯೇ ತೋಳು ಚಾಚಿದಳು.

"ತಗೋ ಯವ್ವಾ ರಕ್ತ. ಕಾಳಿಂದನ ಆಗೈತಿ ಅಂತ ನೀ ಹೇಳಿದ ದಿನ ಪೇಟಿ ಬಿಡತೇನಿ. ಅಲ್ಲೀತನಕ ಯಾರ ಹೇಳಿದ್ರೂ ಬಿಡಂಗಿಲ್ಲ."

ಅವಳು ಹಸನು ಮಾಡುತ್ತಿದ್ದ ಕಾಳಿನ ಬೂಸರನ್ನೇ ಬೆಳೆಸಿ, ಅದರ ಪ್ರೋಟೀನುಗಳನ್ನು ಬೇರ್ಪಡಿಸಿ, ಅವಳ ರಕ್ತದ ತಿಳಿಯನ್ನು, ಅಂದರೆ ಸೀರಮ್ ಅನ್ನು, ಅವುಗಳ ಮೇಲೆ ಹಾಕಿದೆ. ಒಂದೇ ಒಂದು ಕಡೆ ಕಪ್ಪು ಗೆರೆ ಮೂಡಿತು. ಅಷ್ಟೊಂದು ಪ್ರೋಟೀನುಗಳಲ್ಲಿ ಅವಳ ರಕ್ತ ತನ್ನ ವೈರಿಯನ್ನು ಗುರುತಿಸಿತ್ತು. ಅದು ದಸರೆಯ ಸಮಯ. ಆದರೆ ಒಂದೇ ಸಲ ಬಂದದ್ದನ್ನು ನಂಬಬಾರದು ಎಂದು ಕಲಿತವಳು ನಾನು. ಎರಡನೆಯ ಸಲ ಮಾಡಿದೆ, ಮೂರನೆಯ ಸಲ ಮಾಡಿದೆ. ಅವಳು ಫೋನು ಮಾಡಿ ಕೇಳಿದಾಗಲೆಲ್ಲ "ತಡಿ ಅತ್ತಿ, ಇನ್ನಾ ಖಾತ್ರಿ ಆಗಿಲ್ಲ" ಎಂದೆ. ಆ ಹಂಗಾಮಿನ ಗೋವಿನಜೋಳವನ್ನೆಲ್ಲ ಅವಳು ಮೂಸಿ ಮುಗಿಸಿದಳು.

ಸಂಕ್ರಾಂತಿಗೆ ನಾನು ಹೋದಾಗ ಅವಳ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್ ನಿಂತಿತ್ತು. ಮೂರು ಸಲವೂ ಅದೇ ಬಂತು, ಕಾಳಿನ ಬೂಸರೇ ಕಾರಣ ಎಂದು ಹೇಳಿದೆ.

"ಮೊದಲನೇ ಸಲ ಯಾವಾಗ ಗೊತ್ತಾತು?" ಎಂದು ಕೇಳಿದಳು.

"ದಸರಾಕ್ಕ."

ಉಸಿರು ಕೂಡಿಸಿಕೊಂಡು, "ಊಟ ಮಾಡಿ ಬಂದೀಯಿಲ್ಲ?" ಎಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶಿವರಾತ್ರಿಗೆ ಮೊದಲೇ ಹೋಗಿಬಿಟ್ಟಳು. ದಸರೆಗೇ ಪೇಟೆ ಬಿಡಿಸಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಅವಳ ರಕ್ತದ ತಿಳಿ ಇನ್ನೂ ನಮ್ಮ ಫ್ರೀಜರಿನಲ್ಲಿದೆ. ಹೆಸರಿಲ್ಲ, ಬರೀ ಒಂದು ನಂಬರು. ಹೊಸ ರೋಗಿಯ ರಕ್ತ ಬಂದಾಗ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಜೊತೆಗೆ ಅವಳದನ್ನೂ ಹಾಕಿ ನೋಡುತ್ತೇವೆ. ಅವಳ ಗೆರೆ ಪ್ರತಿ ಸಲವೂ ಮೂಡುತ್ತದೆ. ರೋಗಿಯದೂ ಮೂಡಿದರೆ, ಎರಡನೆಯ ಪರೀಕ್ಷೆಗೆ ಕಾಯದೆ ಅವತ್ತೇ ಫೋನು ಮಾಡುತ್ತೇನೆ.

"ನಂದು ತಪ್ಪೂ ಇರಬಹುದ್ರಿ. ಆದ್ರ ಇವತ್ತಿಂದ ಕಾಳಿನ ಹತ್ರ ಹೋಗಬ್ಯಾಡ್ರಿ."